ರ‍್ಯಾಮ್ ಡಿಸ್ಕು: ವಿದ್ವತ್ಕಾರ್ಯದಲ್ಲಿ ಅದರ ಉಪಯೋಗವೂ ಮೇರೆಯೂ

೧. ವಿಷಯಪ್ರವೇಶ

ಗ್ರಂಥಸಂಪಾದನೆ, ಪದಸೂಚಿಗಳ ರಚನೆ, ಜಾನಪದ ಗೀತೆಗಳ ಸಂಗ್ರಹ ಮೊದಲಾದ ಕಾರ್ಯಗಳಿಗೆ ಗಣಕಯಂತ್ರವನ್ನು ಬಳಸುವುದು ಈಗ ವಿದ್ವಾಂಸರಲ್ಲಿ ವಾಡಿಕೆಯಾಗಿದೆ. ಯಂತ್ರದ ಒಳನೆನಪಿನ ಪ್ರಮಾಣವೂ ಹೆಚ್ಚುತ್ತ ಬಂದಿದೆ. ಹಿಂದೆ ೪ ಗಿಗಾಬೈಟು ನೆನಪಿದ್ದರೆ ದೊಡ್ಡ ಯಂತ್ರವೆನಿಸುತ್ತಿತ್ತು. ಈಗ ೩೨ ಅಥವಾ ೬೪ ಗಿಗಾಬೈಟು ನೆನಪುಳ್ಳ ಯಂತ್ರಗಳು ವಿದ್ಯಾಸಂಸ್ಥೆಗಳಲ್ಲಿಯೂ ಮನೆಗಳಲ್ಲಿಯೂ ಕಾಣಸಿಗುತ್ತವೆ. ಬರವಣಿಗೆ ಮತ್ತು ಪತ್ರವ್ಯವಹಾರಗಳಲ್ಲಿ ಇದರ ಅರ್ಧಭಾಗವೂ ಖರ್ಚಾಗುವುದಿಲ್ಲ. ಉಳಿದ ಭಾಗವನ್ನು ಯಾವ ಕೆಲಸಕ್ಕೆ ಹಚ್ಚಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ‘ಅದರಲ್ಲಿ ಒಂದು ರ‍್ಯಾಮ್ ಡಿಸ್ಕನ್ನು ಮಾಡಿಕೊಳ್ಳಿರಿ’ ಎಂಬುದು ಈ ಪ್ರಶ್ನೆಗೆ ಬಲ್ಲವರು ಕೊಡುವ ಉತ್ತರಗಳಲ್ಲೊಂದು.

ಈ ಉತ್ತರದಲ್ಲಿ ಹುರುಳುಂಟು, ಅಪಾಯವೂ ಉಂಟು. ಯಾವ ಕೆಲಸಕ್ಕೆ ಇದು ತಕ್ಕುದು, ಯಾವುದಕ್ಕೆ ಅನಾವಶ್ಯಕ, ಯಾವುದಕ್ಕೆ ಸರ್ವಥಾ ವರ್ಜ್ಯ ಎಂಬ ವಿವೇಚನೆಯು ಯಂತ್ರಶಾಸ್ತ್ರಜ್ಞರಿಗಿಂತಲೂ ಸಾಹಿತ್ಯಸಂಶೋಧಕರಿಗೆ ಹೆಚ್ಚು ಅಗತ್ಯವಾದುದು. ಏಕೆಂದರೆ ಸಂಶೋಧಕನ ಸಾಮಗ್ರಿಯಲ್ಲಿ ಕೆಲವು ಮತ್ತೆ ದೊರೆಯತಕ್ಕವು, ಕೆಲವು ಎಂದೆಂದಿಗೂ ಮತ್ತೆ ದೊರೆಯಲಾರವು. ಈ ಭೇದವನ್ನೇ ಆಧಾರವಾಗಿಟ್ಟುಕೊಂಡು ವಿಷಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ನೆನಪು ಮತ್ತು ಸಂಗ್ರಹ

ಗಣಕಯಂತ್ರದಲ್ಲಿ ವಿಷಯವನ್ನಿಡುವ ತಾಣಗಳು ಎರಡು ಬಗೆಯವು. ಒಂದು ಕೆಲಸ ನಡೆಯುವಾಗ ಮಾತ್ರ ವಿಷಯವನ್ನು ಹಿಡಿದಿರುವ ನೆನಪು. ಇದಕ್ಕೆ ರ‍್ಯಾಮ್ ಎಂದು ಹೆಸರು. ಇನ್ನೊಂದು ಯಂತ್ರವನ್ನು ಆರಿಸಿದ ಮೇಲೂ ವಿಷಯವನ್ನು ಉಳಿಸಿಕೊಳ್ಳುವ ಸಂಗ್ರಹ; ಹಾರ್ಡ್ ಡಿಸ್ಕು, ಎಸ್.ಎಸ್.ಡಿ., ಪೆನ್ ಡ್ರೈವುಗಳು ಈ ವರ್ಗಕ್ಕೆ ಸೇರಿದವು.

ಇಂದು ಬಳಕೆಯಲ್ಲಿರುವ ನೆನಪಿನ ಬಗೆಯನ್ನು ೧೯೬೬ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ವಿಜ್ಞಾನಿಯು ಕಲ್ಪಿಸಿದನು. ೧೯೬೮ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಇದರಲ್ಲಿ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರು ಮತ್ತು ವಿದ್ಯುತ್ತನ್ನು ಹಿಡಿದಿಡುವ ಒಂದು ಕೆಪಾಸಿಟರು ಇರುತ್ತವೆ. ಕೆಪಾಸಿಟರು ಬಹು ಸಣ್ಣದಾದುದರಿಂದ ಅದರಲ್ಲಿನ ವಿದ್ಯುತ್ತು ಸೋರಿಹೋಗುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ೬೪ ಮಿಲಿಸೆಕೆಂಡುಗಳಿಗೊಮ್ಮೆ, ಎಂದರೆ ಸೆಕೆಂಡಿಗೆ ಸುಮಾರು ಹದಿನೈದು ಸಲ, ಪ್ರತಿಯೊಂದು ಕೋಶವನ್ನೂ ಓದಿ ಮತ್ತೆ ಬರೆಯಬೇಕಾಗುತ್ತದೆ. ಈ ಪುನಶ್ಚರಣೆ ನಿಂತೊಡನೆ ನೆನಪೂ ಅಳಿಯುತ್ತದೆ. ವಿದ್ಯುತ್ತು ಹೋದರೆ ರ‍್ಯಾಮಿನಲ್ಲಿದ್ದುದೆಲ್ಲ ಇಲ್ಲವಾಗುವುದಕ್ಕೆ ಇದೇ ಕಾರಣ. ಅದು ಯಂತ್ರದ ದೋಷವಲ್ಲ, ಸ್ವಭಾವ.

ಈ ಸ್ವಭಾವದ ಪ್ರತಿಫಲವಾಗಿ ದೊರೆಯುವುದು ವೇಗ. ನಿಮಿಷಕ್ಕೆ ೭೨೦೦ ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ೮.೩ ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಭಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು, ಓದುವ ತೋಳು ಆ ಜಾಗಕ್ಕೆ ಸರಿಯಲು ಮತ್ತಷ್ಟು ಕಾಲ. ಒಟ್ಟು ಸೆಕೆಂಡಿನ ನೂರರಲ್ಲೊಂದು ಪಾಲು ಎನ್ನಬಹುದು. ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ.ಗೆ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಸಾಕು. ರ‍್ಯಾಮಿಗಾದರೋ ಕೋಟಿಯಲ್ಲೊಂದು ಪಾಲು.

೩. ರ‍್ಯಾಮ್ ಡಿಸ್ಕು ಎಂದರೇನು

ನೆನಪಿನ ಒಂದು ಭಾಗವನ್ನು ಬೇರ್ಪಡಿಸಿ, ಅದು ಒಂದು ಡಿಸ್ಕೋ ಎಂಬಂತೆ ಯಂತ್ರಕ್ಕೆ ತೋರಿಸಿದರೆ ಅದೇ ರ‍್ಯಾಮ್ ಡಿಸ್ಕು. ಅದರೊಳಗೆ ಫೋಲ್ಡರುಗಳನ್ನು ಮಾಡಬಹುದು, ಫೈಲುಗಳನ್ನಿಡಬಹುದು, ತೆರೆಯಬಹುದು, ಅಳಿಸಬಹುದು. ನೋಡುವವನಿಗೆ ಇತರ ಡಿಸ್ಕುಗಳಿಗೂ ಇದಕ್ಕೂ ಭೇದ ಕಾಣದು. ಭೇದವೆಲ್ಲ ಒಳಗೆ.

ಈ ಉಪಾಯವು ಹೊಸದೇನೂ ಅಲ್ಲ. ೧೯೮೪ರಲ್ಲಿ ಹೊರಬಂದ ಪಿ.ಸಿ. ಡಾಸ್ ೩.೦ ಎಂಬ ಕಾರ್ಯವ್ಯವಸ್ಥೆಯಲ್ಲಿಯೇ ವಿಡಿಸ್ಕ್ ಎಂಬ ಹೆಸರಿನಲ್ಲಿ ಇದು ಬಂದಿತ್ತು. ಆಗಿನ ಫ್ಲಾಪಿಗಳು ಬಹಳ ನಿಧಾನವಾಗಿದ್ದುದರಿಂದ ಅದರ ಬೆಲೆ ಹೆಚ್ಚಾಗಿತ್ತು. ೨೦೦೧ರಲ್ಲಿ ಬಂದ ಲಿನಕ್ಸ್ ೨.೪ರಲ್ಲಿ ಟಿ.ಎಂ.ಪಿ.ಎಫ್.ಎಸ್. ಎಂಬ ಸೌಕರ್ಯವು ಸೇರಿತು. ಇದರ ವಿಶೇಷವೇನೆಂದರೆ, ಒಳಗೆ ಫೈಲುಗಳನ್ನಿಟ್ಟಷ್ಟೇ ನೆನಪನ್ನು ಇದು ತೆಗೆದುಕೊಳ್ಳುತ್ತದೆ. ಬರಿದಾಗಿದ್ದರೆ ನೆನಪು ಇತರ ಕೆಲಸಗಳಿಗೆ ಒದಗುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಒಂದೆರಡು ಆಜ್ಞೆಗಳಿಂದ ರ‍್ಯಾಮ್ ಡಿಸ್ಕನ್ನು ಮಾಡಬಹುದು. ಮನೆಬಳಕೆಯ ವಿಂಡೋಸಿನಲ್ಲಿ ಇದಕ್ಕೆ ಪ್ರತ್ಯೇಕ ತಂತ್ರಾಂಶವನ್ನು ಹಾಕಿಕೊಳ್ಳಬೇಕು.

ಇಲ್ಲಿಯೇ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಇಂದಿನ ಕಾರ್ಯವ್ಯವಸ್ಥೆಗಳು ಒಮ್ಮೆ ಓದಿದ ಫೈಲನ್ನು, ನೆನಪಿನಲ್ಲಿ ಜಾಗವಿರುವ ಪರ್ಯಂತ, ತಾವಾಗಿಯೇ ಅಲ್ಲಿ ಇರಿಸಿಕೊಂಡಿರುತ್ತವೆ. ಎರಡನೆಯ ಸಲ ಅದೇ ಫೈಲನ್ನು ಕೇಳಿದರೆ ಡಿಸ್ಕಿನವರೆಗೆ ಹೋಗುವುದೇ ಇಲ್ಲ. ಆದ್ದರಿಂದ ಓದುವುದಕ್ಕಷ್ಟೇ ಬೇಕಾದ ಗ್ರಂಥಗಳನ್ನು ರ‍್ಯಾಮ್ ಡಿಸ್ಕಿನಲ್ಲಿ ತುಂಬುವುದರಿಂದ ವಿಶೇಷ ಲಾಭವಿಲ್ಲ. ಅದರ ನಿಜವಾದ ಉಪಯೋಗವಿರುವುದು ಪದೇಪದೇ ಬರೆದು ಅಳಿಸುವ ಕೆಲಸಗಳಲ್ಲಿ.

೪. ಕಡತದೊಡನೆ ಹೋಲಿಕೆ

ಬರೆದು ಅಳಿಸುವ ಸಾಧನವು ಕನ್ನಡನಾಡಿಗೆ ಅಪರಿಚಿತವಲ್ಲ. ಇಂದು ಕಚೇರಿಗಳಲ್ಲಿಯೂ ಗಣಕದ ಪರಿಭಾಷೆಯಲ್ಲಿಯೂ ಫೈಲಿಗೆ ‘ಕಡತ’ವೆನ್ನುತ್ತಾರೆ. ಪೂರ್ವದಲ್ಲಿ ಕಡತವೆಂದರೆ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಹೊರಬಂದ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ. ವರ್ತಕರ ಲೆಕ್ಕಗಳು ಇಂಥ ಕಡತಗಳಲ್ಲಿರುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಸುಪರಿಚಿತವಾಗಿವೆ.

ರ‍್ಯಾಮ್ ಡಿಸ್ಕನ್ನು ಕಡತಕ್ಕೆ ಹೋಲಿಸಬಹುದಾದರೂ ಹೋಲಿಕೆಯು ಅರ್ಧ ದಾರಿಗೆ ನಿಲ್ಲುತ್ತದೆ. ಎರಡೂ ಒರಸಿ ಬರೆಯಲು ಅನುಕೂಲವಾದುವು. ಆದರೆ ಕಡತದ ಬರಹವು ಮನುಷ್ಯನು ಒರಸುವವರೆಗೆ ನಿಲ್ಲುತ್ತಿತ್ತು. ಶತಮಾನಗಳು ಉಳಿದ ಕಡತಗಳುಂಟು. ರ‍್ಯಾಮ್ ಡಿಸ್ಕಿನ ಬರಹವಾದರೋ ಯಾರೂ ಒರಸದೆಯೇ, ದೀಪ ಹೋದ ಕ್ಷಣದಲ್ಲಿ, ತಾನೇ ಒರಸಿಹೋಗುತ್ತದೆ. ಆದ್ದರಿಂದ ಅದನ್ನು ಕಡತಕ್ಕಿಂತ ಹೆಚ್ಚಾಗಿ ಅಕ್ಷರಾಭ್ಯಾಸದ ಮರಳಿಗೆ ಹೋಲಿಸುವುದು ಯುಕ್ತ. ಮರಳಿನ ಮೇಲೆ ತಿದ್ದಿ ಕಲಿಯಬಹುದು. ಕ್ರಯಪತ್ರವನ್ನು ಯಾರೂ ಮರಳಿನ ಮೇಲೆ ಬರೆಯುವುದಿಲ್ಲ.

೫. ವಿದ್ವಾಂಸನ ಸಾಮಗ್ರಿಯ ಅಳತೆ

ಉಪಯೋಗಗಳನ್ನು ಹೇಳುವ ಮುನ್ನ ನಮ್ಮ ಸಾಮಗ್ರಿಯು ಎಷ್ಟು ಜಾಗವನ್ನು ಹಿಡಿಯುತ್ತದೆಂಬುದನ್ನು ಲೆಕ್ಕಹಾಕಬೇಕು. ಸಾಮಗ್ರಿಯು ಮೂರು ತೆರ: ಪಾಠ, ಚಿತ್ರ, ಧ್ವನಿ.

ಮೊದಲನೆಯದು ಪಾಠ. ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡವು ಯೂನಿಕೋಡಿನಲ್ಲಿ ಸೇರಿದೆ. ಬಹು ಪ್ರಚಾರದಲ್ಲಿರುವ ಯು.ಟಿ.ಎಫ್.-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಸ್ತ್ರೀ’ ಎಂಬ ಅಕ್ಷರವು ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರಕ್ಕೆ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ಎಂದರೆ ಹದಿನೆಂಟು ಬೈಟು. ಹೀಗಿದ್ದರೂ ಪಾಠವು ಹಗುರವಾದ ಸಾಮಗ್ರಿಯೇ. ಪುಟಕ್ಕೆ ೧೫೦೦ ಸಂಕೇತಗಳಂತೆ ೩೦೦ ಪುಟಗಳ ಪುಸ್ತಕವೊಂದು ಹದಿಮೂರೂವರೆ ಲಕ್ಷ ಬೈಟು, ಎಂದರೆ ೧.೩೫ ಮೆಗಾಬೈಟು ಆಗುತ್ತದೆ. ಇಂಥ ಸಾವಿರ ಪುಸ್ತಕಗಳು ಸೇರಿದರೂ ಒಂದೂವರೆ ಗಿಗಾಬೈಟನ್ನು ಮುಟ್ಟಲಾರವು. ೧೯೭೦ರಲ್ಲಿ ಇಂಟೆಲ್ ಸಂಸ್ಥೆಯು ಮಾರಾಟಕ್ಕಿಟ್ಟ ೧೧೦೩ ಎಂಬ ನೆನಪಿನ ಬಿಲ್ಲೆಯಲ್ಲಿ ಇದ್ದುದು ೧೦೨೪ ಬಿಟ್ಟುಗಳು. ಅದರಲ್ಲಿ ಈ ಕ್ರಮದ ೪೨ ಕನ್ನಡ ಸಂಕೇತಗಳು ಮಾತ್ರ ಹಿಡಿಸುತ್ತಿದ್ದುವು ಎಂಬುದನ್ನು ನೆನೆದರೆ ಆಗಿರುವ ಬದಲಾವಣೆಯ ಅಗಾಧತೆ ತಿಳಿಯುತ್ತದೆ.

ಎರಡನೆಯದು ಚಿತ್ರ. ಎ-೪ ಅಳತೆಯ ಒಂದು ಪುಟವನ್ನು ಅಂಗುಲಕ್ಕೆ ೩೦೦ ಬಿಂದುಗಳಂತೆ ಬಣ್ಣದಲ್ಲಿ ತೆಗೆದರೆ, ಸಂಕೋಚಿಸದ ಸ್ಥಿತಿಯಲ್ಲಿ ಅದು ಸುಮಾರು ೨೬ ಮೆಗಾಬೈಟು. ನಾನೂರು ಪುಟಗಳ ಗ್ರಂಥಕ್ಕೆ ೧೦.೪ ಗಿಗಾಬೈಟು.

ಮೂರನೆಯದು ಧ್ವನಿ. ಸೆಕೆಂಡಿಗೆ ೪೮,೦೦೦ ಮಾದರಿಗಳಂತೆ, ೨೪ ಬಿಟ್ಟಿನಲ್ಲಿ, ಎರಡು ವಾಹಿನಿಗಳ ಮುದ್ರಣವು ಗಂಟೆಗೆ ೧.೦೪ ಗಿಗಾಬೈಟು ಆಗುತ್ತದೆ. ಹತ್ತು ಗಂಟೆಗಳ ಹಾಡುಗಾರಿಕೆಯೂ ನಾನೂರು ಪುಟಗಳ ಚಿತ್ರಗಳೂ ಹೆಚ್ಚುಕಡಮೆ ಸಮತೂಕ. ಪಾಠಕ್ಕೆ ದೊಡ್ಡ ನೆನಪು ಬೇಡ. ಚಿತ್ರಕ್ಕೂ ಧ್ವನಿಗೂ ಬೇಕು ಎಂಬುದು ಈ ಲೆಕ್ಕದ ತಾತ್ಪರ್ಯ.

೬. ತಕ್ಕ ಉಪಯೋಗಗಳು

(ಅ) ಅಸಂಖ್ಯಾತ ಸಣ್ಣ ಫೈಲುಗಳ ಕೆಲಸ. ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳಿವೆ. ಒಂದೊಂದು ವಚನವನ್ನೂ ಒಂದೊಂದು ಫೈಲಾಗಿ ಇಟ್ಟುಕೊಂಡು ಪದಸೂಚಿಯನ್ನು ಮಾಡುವವನಿಗೆ ಒಟ್ಟು ಗಾತ್ರವು ಅಲ್ಪವೇ ಆದರೂ ತೆರೆಯಬೇಕಾದ ಫೈಲುಗಳು ಇಪ್ಪತ್ತು ಸಾವಿರ. ಹಾರ್ಡ್ ಡಿಸ್ಕಿನಲ್ಲಿ ಒಂದೊಂದಕ್ಕೆ ೧೨ ಮಿಲಿಸೆಕೆಂಡಿನಂತೆ ನಾಲ್ಕು ನಿಮಿಷ ಹಿಡಿಯುತ್ತದೆ, ಎಸ್.ಎಸ್.ಡಿ.ಯಲ್ಲಿ ಎರಡು ಸೆಕೆಂಡು; ರ‍್ಯಾಮ್ ಡಿಸ್ಕಿನಲ್ಲಿ ಅದಕ್ಕಿಂತಲೂ ಕಡಮೆ. ಸೂಚಿಯ ನಿಯಮಗಳನ್ನು ತಿದ್ದುತ್ತ, ಮಧ್ಯಂತರ ಪಟ್ಟಿಗಳನ್ನು ಮತ್ತೆಮತ್ತೆ ಬರೆಯುತ್ತ ದಿನಕ್ಕೆ ಮೂವತ್ತು ಸಲ ಪ್ರಯೋಗ ಮಾಡುವವನಿಗೆ ಹಳೆಯ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಇದರಿಂದ ಗಂಟೆಗಟ್ಟಲೆ ಉಳಿತಾಯವಾಗಬಹುದು.

(ಆ) ಮುದ್ರಿತ ಗ್ರಂಥಗಳ ಅಕ್ಷರಗ್ರಹಣ. ಪುಟದ ಚಿತ್ರದಿಂದ ಪಾಠವನ್ನು ತೆಗೆಯುವ ಟೆಸೆರಾಕ್ಟ್ ಮೊದಲಾದ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ. ಅದಕ್ಕೆ ಮುನ್ನ ಪುಟದ ವಾಲಿಕೆಯನ್ನು ಸರಿಪಡಿಸುವುದು, ಕಲೆಗಳನ್ನು ತೆಗೆಯುವುದು, ಕಪ್ಪುಬಿಳುಪಿಗೆ ಇಳಿಸುವುದು ಎಂಬ ಹಂತಗಳುಂಟು. ಒಂದೊಂದು ಹಂತದಲ್ಲಿಯೂ ಹೊಸ ಚಿತ್ರಗಳು ಹುಟ್ಟುತ್ತವೆ. ಇವು ಕೊನೆಗೆ ಯಾರಿಗೂ ಬೇಡವಾದುವು. ಇಂಥ ನಡುವಣ ಫೈಲುಗಳಿಗೆ ರ‍್ಯಾಮ್ ಡಿಸ್ಕು ಬಹು ಯೋಗ್ಯವಾದ ಸ್ಥಳ. ಆದರೆ ಅಕ್ಷರಗ್ರಹಣದಲ್ಲಿ ಹೆಚ್ಚು ಕಾಲ ಹಿಡಿಯುವುದು ಎಣಿಕೆಯೇ ಹೊರತು ಡಿಸ್ಕಿನ ಓಡಾಟವಲ್ಲ. ವೇಗದ ಎಸ್.ಎಸ್.ಡಿ. ಇದ್ದವರಿಗೆ ಕಾಲದ ಉಳಿತಾಯವು ಅಲ್ಪವೆಂಬುದನ್ನು ಮರೆಯಬಾರದು.

ಎಸ್.ಎಸ್.ಡಿ.ಯು ಬರೆದಷ್ಟೂ ಸವೆಯುತ್ತದೆ, ಆದ್ದರಿಂದ ರ‍್ಯಾಮ್ ಡಿಸ್ಕು ಬೇಕು ಎಂದು ಕೆಲವರು ವಾದಿಸುವುದುಂಟು. ಸವೆಯುವುದು ನಿಜ. ಆದರೆ ೬೦೦ ಟೆರಾಬೈಟು ಬರೆಯುವವರೆಗೆ ತಾಳತಕ್ಕ ಡ್ರೈವಿನಲ್ಲಿ, ಗ್ರಂಥವೊಂದಕ್ಕೆ ೩೧ ಗಿಗಾಬೈಟು ಬರೆದರೂ, ಹತ್ತೊಂಬತ್ತು ಸಾವಿರ ಗ್ರಂಥಗಳು ಮುಗಿಯಬೇಕು. ಒಬ್ಬ ವಿದ್ವಾಂಸನ ಆಯುಷ್ಯದಲ್ಲಿ ಇದು ಚಿಂತಿಸತಕ್ಕ ವಿಷಯವಲ್ಲ. ಪೆನ್ ಡ್ರೈವು, ಮೆಮೊರಿ ಕಾರ್ಡುಗಳಲ್ಲಿ ಕೆಲಸ ಮಾಡುವವರಿಗೆ ಮಾತ್ರ ಈ ವಾದವು ಅನ್ವಯಿಸುತ್ತದೆ; ಅವು ಅಷ್ಟು ಗಟ್ಟಿಯಾದುವಲ್ಲ.

(ಇ) ಧ್ವನಿಮುದ್ರಣಗಳ ಸಂಸ್ಕರಣ. ಗಾಳಿಯ ಸದ್ದನ್ನು ತೆಗೆಯುವುದು, ಹಾಡುಹಾಡುಗಳನ್ನು ಬೇರ್ಪಡಿಸುವುದು ಮೊದಲಾದ ಕೆಲಸಗಳಲ್ಲಿ ತಂತ್ರಾಂಶವು ಮೂಲಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದ ತಾತ್ಕಾಲಿಕ ಫೈಲುಗಳನ್ನು ಮಾಡಿಕೊಳ್ಳುವುದುಂಟು. ಅವುಗಳನ್ನು ರ‍್ಯಾಮ್ ಡಿಸ್ಕಿಗೆ ತಿರುಗಿಸಿದರೆ ಕೆಲಸವು ತಡೆಯಿಲ್ಲದೆ ಸಾಗುತ್ತದೆ.

(ಈ) ಗೋಪ್ಯ. ಅಧ್ಯಾಪಕರು ಪ್ರಶ್ನಪತ್ರಿಕೆಗಳನ್ನು ರಚಿಸುವಾಗ ಅದರ ಕರಡು ಯಂತ್ರದಲ್ಲಿ ಉಳಿಯದಂತೆ ನೋಡಿಕೊಳ್ಳಬೇಕಾಗುತ್ತದೆ. ಡಿಸ್ಕಿನಲ್ಲಿ ಅಳಿಸಿದ ಫೈಲನ್ನು ಮತ್ತೆ ಎತ್ತುವ ಉಪಾಯಗಳುಂಟು. ಆರಿಸಿದ ಯಂತ್ರದ ರ‍್ಯಾಮಿನಿಂದ ಎತ್ತುವುದು ಹಾಗೆ ಸುಲಭವಲ್ಲ. ಅಳಿವೆಂಬ ದೋಷವೇ ಇಲ್ಲಿ ಗುಣವಾಗುತ್ತದೆ. ಆದರೂ ಇದನ್ನು ಪೂರ್ಣ ರಕ್ಷೆಯೆಂದು ನಂಬಬಾರದು. ನೆನಪು ಸಾಲದಾದಾಗ ಯಂತ್ರವು ಅದರ ಕೆಲವು ಭಾಗವನ್ನು ಡಿಸ್ಕಿಗೆ ಸಾಗಿಸಬಹುದು. ಬರವಣಿಗೆಯ ತಂತ್ರಾಂಶವು ತಾನಾಗಿಯೇ ಬೇರೆಡೆ ಪ್ರತಿಯನ್ನಿಟ್ಟಿರಬಹುದು. ಡಿಸ್ಕನ್ನೇ ಗೂಢಲಿಪಿಯಲ್ಲಿಡುವುದು ಇದಕ್ಕಿಂತ ಭದ್ರವಾದ ಮಾರ್ಗ.

(ಉ) ಪ್ರಮಾಣ. ೮ ಗಿಗಾಬೈಟು ನೆನಪಿನ ಯಂತ್ರದಲ್ಲಿ ಈ ಪ್ರಯತ್ನವೇ ಬೇಡ. ೧೬ ಇದ್ದರೆ ಎರಡು ಮೂರು, ೩೨ ಇದ್ದರೆ ಎಂಟು ಹತ್ತು, ೬೪ ಇದ್ದರೆ ಮೂವತ್ತರವರೆಗೂ ಬೇರ್ಪಡಿಸಬಹುದು. ಮೇರೆ ಮೀರಿದರೆ ಉಳಿದ ಕಾರ್ಯಕ್ರಮಗಳಿಗೆ ನೆನಪು ಸಾಲದೆ ಯಂತ್ರವು ಮೊದಲಿಗಿಂತಲೂ ನಿಧಾನವಾಗುತ್ತದೆ.

೭. ವರ್ಜ್ಯವಾದ ಉಪಯೋಗ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ತಾಲೂಕಿನಲ್ಲಿ ಹಿಲ್ಲೂರು ಎಂಬ ಗ್ರಾಮವಿದೆ. ಈ ತಾಲೂಕಿನಲ್ಲಿಯೂ ನೆರೆಯ ತಾಲೂಕುಗಳಲ್ಲಿಯೂ ನೆಲಸಿರುವ ಹಾಲಕ್ಕಿ ಒಕ್ಕಲಿಗರಲ್ಲಿ ಮದುವೆಯ ಹಾಡುಗಳು, ಸುಗ್ಗಿಯ ಕುಣಿತ, ಗುಮಟೆಯ ಪದಗಳು ಬಾಯಿಂದ ಬಾಯಿಗೆ ಬಂದಿವೆ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದ ವಿದ್ವಾಂಸರು ಈ ಜಿಲ್ಲೆಯ ಜನಪದ ಸಾಹಿತ್ಯವನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಇದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡುಗಳ ಭಂಡಾರವೆಂದೇ ಪ್ರಸಿದ್ಧರಾಗಿದ್ದರು; ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು; ೨೦೨೫ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರು ಹಾಡಿದ್ದರಲ್ಲಿ ಯಾವುದು ಬರಹದಲ್ಲಿಯೋ ಮುದ್ರಣದಲ್ಲಿಯೋ ಇತರರ ಕಂಠದಲ್ಲಿಯೋ ಉಳಿಯಿತೋ ಅದಷ್ಟೇ ಇನ್ನು ಉಳಿದುದು.

ಈಗ ಒಬ್ಬ ಸಂಶೋಧಕನು ಮಳೆಗಾಲದಲ್ಲಿ ಹಿಲ್ಲೂರಿನಂಥ ಊರಿನಲ್ಲಿ ಕುಳಿತು, ವೃದ್ಧರೊಬ್ಬರ ಹಾಡುಗಳನ್ನು ಮುದ್ರಿಸಿಕೊಂಡು ಬಂದು, ಕೆಲಸವು ಬೇಗ ಸಾಗಲೆಂದು ಮುದ್ರಣವನ್ನು ನೇರವಾಗಿ ರ‍್ಯಾಮ್ ಡಿಸ್ಕಿಗೆ ಇಳಿಸಿ, ರೆಕಾರ್ಡರಿನ ಕಾರ್ಡನ್ನು ನಾಳೆಯ ಉಪಯೋಗಕ್ಕಾಗಿ ಬರಿದುಮಾಡಿದನೆಂದು ಭಾವಿಸೋಣ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು ದೀಪ ಹೋಗುವುದು ಅಪರೂಪದ ಸಂಗತಿಯಲ್ಲ. ಒಂದು ಕೊಂಬೆ ಬಿದ್ದರೆ ಆ ದಿನದ ಹಾಡುಗಳೆಲ್ಲ ಹೋದಂತೆ. ಮತ್ತೆ ಹೋಗಿ ಕೇಳಬಹುದಲ್ಲವೆ ಎಂದರೆ, ಹಾಡಿದವರು ಆ ವೇಳೆಗೆ ಇರುವರೆಂಬ ನಿಶ್ಚಯವೇನು? ಇದ್ದರೂ ಅದೇ ಹಾಡು ಅದೇ ಪಾಠದಲ್ಲಿ ಬರುವುದಿಲ್ಲವೆಂಬುದು ಜಾನಪದವನ್ನು ಬಲ್ಲವರೆಲ್ಲರಿಗೂ ತಿಳಿದ ವಿಷಯ.

ಲ್ಯಾಪ್‌ಟಾಪಿನ ಬ್ಯಾಟರಿ ಅಥವಾ ಯು.ಪಿ.ಎಸ್. ಇದ್ದರೆ ಸಾಲದೆ ಎಂದು ಕೇಳಬಹುದು. ಅವು ದೀಪ ಹೋಗುವುದರಿಂದ ಕಾಪಾಡುತ್ತವೆ. ಯಂತ್ರವು ಸ್ತಬ್ಧವಾಗಿ ಮತ್ತೆ ಪ್ರಾರಂಭಿಸಬೇಕಾಗಿ ಬಂದರೆ ಕಾಪಾಡಲಾರವು. ಯಂತ್ರವನ್ನು ಆರಿಸುವಾಗ ರ‍್ಯಾಮ್ ಡಿಸ್ಕಿನ ವಿಷಯವನ್ನೆಲ್ಲ ಡಿಸ್ಕಿಗೆ ಇಳಿಸುವ ತಂತ್ರಾಂಶಗಳೂ ಉಂಟು. ಅವು ಕ್ರಮವಾಗಿ ಆರಿಸಿದಾಗ ಮಾತ್ರ ಕೆಲಸ ಮಾಡುತ್ತವೆ. ಅಕಸ್ಮಾತ್ತಿಗೆ ಅವುಗಳಿಂದ ಪ್ರಯೋಜನವಿಲ್ಲ.

೮. ಕಾರ್ಯಕ್ರಮ

ಗ್ರಂಥಸಂಪಾದಕರು ಮಾತೃಕೆ, ಪ್ರತಿ ಎಂಬ ಭೇದವನ್ನು ಚೆನ್ನಾಗಿ ಬಲ್ಲರು. ಆ ಪರಿಭಾಷೆಯಲ್ಲಿಯೇ ಹೇಳುವುದಾದರೆ, ಪ್ರತಿಯು ರ‍್ಯಾಮ್ ಡಿಸ್ಕಿನಲ್ಲಿ ಇರಬಹುದು, ಮಾತೃಕೆಯು ಎಂದೂ ಇರಕೂಡದು. ಇದರಿಂದ ಕೆಲಸದ ಕ್ರಮವು ತಾನಾಗಿಯೇ ಹೊರಡುತ್ತದೆ.

ಮೊದಲು ಮೂಲ ಮುದ್ರಣವನ್ನು ಅಥವಾ ಚಿತ್ರಗಳನ್ನು ಎರಡು ಬೇರೆ ಬೇರೆ ಶಾಶ್ವತ ಸಂಗ್ರಹಗಳಿಗೆ ಇಳಿಸಬೇಕು. ಅವುಗಳಲ್ಲಿ ಒಂದು ಯಂತ್ರದ ಹೊರಗಿರಬೇಕು. ಎರಡೂ ಮೂಲದೊಡನೆ ಬೈಟು ಬೈಟಿಗೂ ಸರಿಹೊಂದುತ್ತವೆಯೆ ಎಂಬುದನ್ನು ಶಾ-೨೫೬ ಎಂಬ ಪರೀಕ್ಷೆಯಿಂದ ನೋಡಬಹುದು. ಒಂದು ಬಿಟ್ಟು ವ್ಯತ್ಯಾಸವಾದರೂ ಅದು ತೋರಿಸಿಕೊಡುತ್ತದೆ. ಈ ಪರೀಕ್ಷೆ ಮುಗಿಯುವವರೆಗೆ ರೆಕಾರ್ಡರಿನ ಕಾರ್ಡನ್ನು ಬರಿದುಮಾಡಬಾರದು. ಎರಡನೆಯದಾಗಿ, ಒಂದು ಪ್ರತಿಯನ್ನು ರ‍್ಯಾಮ್ ಡಿಸ್ಕಿಗೆ ತಂದು ಕೆಲಸ ನಡೆಸಬೇಕು. ಮೂರನೆಯದಾಗಿ, ಸಂಶೋಧಕನು ಸ್ವಂತ ವಿವೇಚನೆಯಿಂದ ಮಾಡಿದ ಕೆಲಸವನ್ನು, ಎಂದರೆ ಪಾಠದ ತಿದ್ದುಪಡಿ, ಟಿಪ್ಪಣಿ, ಹಾಡುಗಳ ವಿಂಗಡಣೆ ಇವುಗಳನ್ನು, ಹತ್ತು ಹದಿನೈದು ನಿಮಿಷಗಳಿಗೊಮ್ಮೆ ಡಿಸ್ಕಿಗೆ ನಕಲುಮಾಡಬೇಕು; ಯಂತ್ರವೇ ನಿಯಮಿತವಾಗಿ ಇದನ್ನು ಮಾಡುವಂತೆ ಏರ್ಪಡಿಸುವುದು ಇನ್ನೂ ಒಳ್ಳೆಯದು. ಹೀಗೆ ಮಾಡಿದರೆ, ಅವಘಡವಾದಾಗ ಹೋಗುವುದು ಕಡೆಯ ನಕಲಿನಿಂದೀಚಿನ ಕೆಲಸ ಮಾತ್ರ. ವಾಸ್ತವವಾಗಿ ಟಿಪ್ಪಣಿಯಂಥ ಬರಹವು ಕೆಲವೇ ಕಿಲೋಬೈಟುಗಳಾದುದರಿಂದ ಅದನ್ನು ರ‍್ಯಾಮ್ ಡಿಸ್ಕಿಗೆ ತರುವ ಕಾರಣವೇ ಇಲ್ಲ. ಮೊದಲಿನಿಂದಲೂ ಡಿಸ್ಕಿನಲ್ಲಿಯೇ ಬರೆಯುವುದು ಲೇಸು.

ಫೈಲನ್ನು ರ‍್ಯಾಮ್ ಡಿಸ್ಕಿನಲ್ಲಿಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಈ ಕ್ಷಣ ಅಳಿದುಹೋದರೆ ಇದನ್ನು ಮತ್ತೆ ಮಾಡಬಲ್ಲೆನೆ? ಯಂತ್ರವೇ ಮತ್ತೆ ಮಾಡಿಕೊಡುವುದಾದರೆ ನಿಶ್ಚಿಂತೆಯಿಂದ ಇಡಬಹುದು. ತನ್ನ ಶ್ರಮದಿಂದ ಮತ್ತೆ ಮಾಡಬಹುದಾದರೆ, ಆ ಶ್ರಮವನ್ನು ತೂಗಿ ನೋಡಿ ಇಡಬೇಕು. ಮತ್ತೊಬ್ಬರ ಕಂಠದಿಂದಲೋ, ಇನ್ನೇನು ಹುಡಿಯಾಗಲಿರುವ ಓಲೆಯಿಂದಲೋ ಬಂದುದಾದರೆ, ಒಂದು ನಿಮಿಷದ ಮಟ್ಟಿಗಾದರೂ ಅದರ ಏಕೈಕ ಪ್ರತಿಯನ್ನು ಅಲ್ಲಿ ಇಡಬಾರದು. ದೊಡ್ಡ ನೆನಪುಳ್ಳ ಯಂತ್ರಗಳು ನಮ್ಮ ವಿದ್ಯಾಸಂಸ್ಥೆಗಳಿಗೆ ಬಂದಿರುವ ಈ ಕಾಲದಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಯಂತ್ರದ ಉಪಯೋಗದೊಡನೆ ಈ ವಿವೇಕವನ್ನೂ ಬೋಧಿಸುವುದು ಆವಶ್ಯಕವಾಗಿದೆ.